ಮೇಷ್ಟ್ರು ಕಲ್ಪವೃಕ್ಷವಲ್ಲ

ಕಲ್ಪತರು ನಾಡಿನಲ್ಲಿ ಮೇಷ್ಟ್ರನ್ನು ಹೊಗಳಬೇಕೆಂದರೆ ಹೋಲಿಕೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ, ತೋಟದಲ್ಲೇ ನಿಂತಿರುತ್ತದೆ. ಎಳನೀರು ಕೊಡುತ್ತದೆ, ಕಾಯಿ ಕೊಡುತ್ತದೆ, ಮಟ್ಟೆ, ಚಿಪ್ಪು, ಗರಿ, ಪೊರಕೆ ಕಡ್ಡಿಯವರೆಗೆ ಎಲ್ಲವನ್ನೂ ಕೊಡುತ್ತದೆ, ಒಂದನ್ನೂ ಲೆಕ್ಕ ಇಡುವುದಿಲ್ಲ. ಗುರುವೂ ಹಾಗೇ ಇರಬೇಕು ಎನ್ನುವುದು ಸೆಪ್ಟೆಂಬರ್ 5ರ ಭಾಷಣಗಳ ಸಾರ. ಹೊತ್ತು ನೋಡಬಾರದು, ರಜೆ ಎಣಿಸಬಾರದು, ಪರೀಕ್ಷೆ ಹತ್ತಿರ ಬಂದಾಗಲಂತೂ ಮನೆಮಠ ಮರೆಯಬೇಕು. ಇದನ್ನು ಹೇಳುವವರು ಶಿಕ್ಷಕರ ವೈರಿಗಳೇನಲ್ಲ. ಪೋಷಕರು, ಅಧಿಕಾರಿಗಳು, ಜನಪ್ರತಿನಿಧಿಗಳು, ಎಷ್ಟೋ ಸಲ ನಿವೃತ್ತ ಶಿಕ್ಷಕರೇ ಹೇಳುತ್ತಾರೆ. ಅದಕ್ಕೇ ಈ ಮಾತಿಗೆ ಯಾರೂ ಎದುರಾಡುವುದಿಲ್ಲ. ಎದುರಾಡಬೇಕಾಗಿದೆ. ಯಾಕೆಂದರೆ ತಿಪಟೂರಿನ ಹೊನ್ನವಳ್ಳಿ ಹೋಬಳಿಯ ಯಾವ ತೋಟದವನೂ ತೆಂಗಿನ ಮರವನ್ನು ಹೀಗೆ ನಡೆಸಿಕೊಳ್ಳುವುದಿಲ್ಲ. ಪಾತಿ ಬಿಡಿಸುತ್ತಾನೆ, ಗೊಬ್ಬರ ಹಾಕುತ್ತಾನೆ, ಮರ ಎಷ್ಟು ತಡೆಯುತ್ತದೆ ಎಂದು ತಿಳಿದಿರುತ್ತಾನೆ. ಕಲ್ಪವೃಕ್ಷ ಎನ್ನುವುದು ಭಾಷಣದ ಮಾತು, ತೋಟದ ಲೆಕ್ಕ ಬೇರೆ. ಶಿಕ್ಷಕರ ಕೆಲಸಕ್ಕೆ ಮೇರೆ ಹಾಕುವುದು ಅವರಿಗೆ ಮಾಡುವ ಉಪಕಾರವಲ್ಲ, ಮಕ್ಕಳ ಹೊತ್ತಿಗೆ ಹಾಕುವ ಬೇಲಿ. ನಾವು ತ್ಯಾಗ ಎಂದು ಹೊಗಳುವುದರಲ್ಲಿ ದೊಡ್ಡ ಪಾಲು ಮಕ್ಕಳಿಗೆ ಮುಟ್ಟುವುದೇ ಇಲ್ಲ ಎನ್ನುವುದು ನನ್ನ ವಾದ.

2025ನೇ ಇಸವಿಯ ಕ್ಯಾಲೆಂಡರನ್ನೇ ತೆರೆದು ನೋಡೋಣ. ಎಸ್ಸೆಸ್ಸೆಲ್ಸಿ ಪರೀಕ್ಷೆ-1 ಮಾರ್ಚ್ 21ಕ್ಕೆ ಶುರುವಾಗಿ ಏಪ್ರಿಲ್ 4ಕ್ಕೆ ಮುಗಿಯಿತು. ಮೌಲ್ಯಮಾಪನ ಕಳೆದು ಮೇ 2ಕ್ಕೆ ಫಲಿತಾಂಶ ಬಂತು. ಪರೀಕ್ಷೆ-2 ಮೇ 26ರಿಂದ, ಅದಾದ ಮೇಲೆ ಪರೀಕ್ಷೆ-3. ಬೇಸಿಗೆ ರಜೆ ಏಪ್ರಿಲ್ 11ರಿಂದ ಮೇ 28ರವರೆಗೆ ಎಂದು ಕಾಗದದಲ್ಲಿತ್ತು. ಆ ರಜೆಯ ನಡುವೆಯೇ, ಮೇ 5ರಂದು, ನ್ಯಾಯಮೂರ್ತಿ ಎಚ್.ಎನ್. ನಾಗಮೋಹನದಾಸ್ ಆಯೋಗದ ಪರಿಶಿಷ್ಟ ಜಾತಿಗಳ ಸಮೀಕ್ಷೆ ಮನೆಮನೆಗೆ ಹೊರಟಿತು, ಹೊರಟವರಲ್ಲಿ ಶಿಕ್ಷಕರೇ ಮುಂದು. ದಸರಾ ರಜೆ ಬಂತು, ಸೆಪ್ಟೆಂಬರ್ 22ಕ್ಕೆ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. 60 ಪ್ರಶ್ನೆ, ಸುಮಾರು 1.75 ಲಕ್ಷ ಗಣತಿದಾರರು, ಮತ್ತೆ ಬಹುಪಾಲು ಶಿಕ್ಷಕರೇ. ಆ್ಯಪು ತೆರೆಯದೆ, ಸರ್ವರು ಸಿಗದೆ, ಮನೆಗೆ ಅಂಟಿಸಿದ ಸಂಖ್ಯೆಗೂ ಮನೆಗೂ ತಾಳೆಯಾಗದೆ ಅಕ್ಟೋಬರ್ 7ರ ಗಡುವು ದಾಟಿತು. ಆಗ ಸರ್ಕಾರ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯನ್ನೇ 18ರವರೆಗೆ ಎಳೆಯಿತು. ಎಂಟು ಪಾಠದ ದಿನ ಹೋದವು, ಅದನ್ನು ಮುಂದೆ ವಿಶೇಷ ತರಗತಿಯಲ್ಲಿ ತುಂಬಿಕೊಡಬೇಕೆಂದಾಯಿತು. ಅನುದಾನರಹಿತ ಖಾಸಗಿ ಶಾಲೆಗಳಿಗೆ ಈ ರಜೆ ಇರಲಿಲ್ಲ. ಒಂದೇ ಊರಿನ, ಒಂದೇ ವಯಸ್ಸಿನ ಇಬ್ಬರು ಮಕ್ಕಳಲ್ಲಿ ಶುಲ್ಕ ಕಟ್ಟಿದ ಮಗು ಪಾಠ ಕೇಳಿತು, ಕಟ್ಟಲಾಗದ ಮಗು ತೋಟದಲ್ಲಿತ್ತು. ಸಮೀಕ್ಷೆಯ ಅಗತ್ಯದ ಬಗ್ಗೆ ನನ್ನ ತಕರಾರಿಲ್ಲ. ಹಿಂದುಳಿದವರ ಏಳಿಗೆಗೆಂದು ನಡೆದ ಎಣಿಕೆಯ ಖರ್ಚನ್ನು ಹಿಂದುಳಿದವರ ಮಕ್ಕಳ ಎಂಟು ದಿನಗಳಿಂದ ತುಂಬಿದ್ದು ಸರಿಯೇ ಎಂಬುದಷ್ಟೇ ಪ್ರಶ್ನೆ. ಇಂಥದೇ ಕೆಲಸವನ್ನು 2015ರಲ್ಲೂ ಇದೇ ಶಿಕ್ಷಕರು ಮಾಡಿದ್ದರು. ಆ ಅಂಕಿಅಂಶ ಹತ್ತು ವರ್ಷ ಹಳತಾಯಿತೆಂದು ಬದಿಗೆ ಸರಿದಾಗ ಅವರು ಕಳೆದ ದಿನಗಳೂ ಅದರ ಜೊತೆಗೇ ಹೋದವು.

ಈ ವಿಷಯದಲ್ಲಿ ಕಾನೂನು ಮೌನವಾಗಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮು ಶಿಕ್ಷಕರನ್ನು ಪಾಠದಾಚೆಯ ಕೆಲಸಕ್ಕೆ ಹಚ್ಚಬಾರದು ಎನ್ನುತ್ತದೆ. ಮೂರಕ್ಕೆ ಮಾತ್ರ ವಿನಾಯಿತಿ: ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ. ರಾಜ್ಯದ ಸಮೀಕ್ಷೆಗಳ ಹೆಸರು ಆ ಪಟ್ಟಿಯಲ್ಲಿಲ್ಲ. ಚುನಾವಣೆಯ ಕೆಲಸವನ್ನೂ ರಜೆಯ ದಿನ, ಪಾಠವಿಲ್ಲದ ದಿನ ಮಾಡಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟು 2007ರಲ್ಲೇ ಸೇಂಟ್ ಮೇರೀಸ್ ಶಾಲೆಯ ಪ್ರಕರಣದಲ್ಲಿ ಹೇಳಿತ್ತು. ಕಾಯ್ದೆಯ ಅನುಸೂಚಿಯಲ್ಲಿ ಇನ್ನೊಂದು ಲೆಕ್ಕವಿದೆ, ಅದನ್ನು ಯಾರೂ ಓದುವುದಿಲ್ಲ. ಶಿಕ್ಷಕರ ಕೆಲಸ ವಾರಕ್ಕೆ 45 ಗಂಟೆ, ತಯಾರಿಯೂ ಅದರೊಳಗೇ. ಆರರಿಂದ ಎಂಟನೇ ತರಗತಿಗೆ ವರ್ಷಕ್ಕೆ 220 ದಿನ, 1000 ಗಂಟೆ ಪಾಠ. ಅಂದರೆ ದಿನಕ್ಕೆ ನಾಲ್ಕೂವರೆ ಗಂಟೆ, ಆರು ದಿನಕ್ಕೆ 27. ಉಳಿದ 18 ಗಂಟೆಯನ್ನು ಕಾಯ್ದೆ ಓದಿಗೆ, ನೋಟು ತಿದ್ದಲು, ನಾಳೆಯ ಪಾಠ ಕಟ್ಟಲು ಬಿಟ್ಟಿದೆ. ಆದರೆ ಅಲ್ಲಿರುವ ಪದ 'ಕನಿಷ್ಠ', 'ಗರಿಷ್ಠ' ಅಲ್ಲ ಎಂದು ಬಲ್ಲವರು ತೋರಿಸಬಹುದು. ನಿಜ, ದೋಷವಿರುವುದೇ ಅಲ್ಲಿ. ನೆಲ ಹಾಸಿದವರು ಸೂರು ಹಾಕಲಿಲ್ಲ. ಆ 18 ಗಂಟೆ ಯಾರು ಬೇಕಾದರೂ ಮೇಯಬಹುದಾದ ಗೋಮಾಳವಾಗಿ ಉಳಿಯಿತು.

ಯಾರು ಮೇಯುತ್ತಾರೆಂದು ನೋಡಲು ಹಳ್ಳಿಯ ಒಂದು ಹಿರಿಯ ಪ್ರಾಥಮಿಕ ಶಾಲೆಯ ಆಫೀಸು ಕೋಣೆಯಲ್ಲಿ ಒಂದು ಬೆಳಗು ಕುಳಿತರೆ ಸಾಕು. ಕೆನೆಹಾಲಿನ ಪುಡಿ, ಅಕ್ಕಿ, ಬೇಳೆಯ ದಾಸ್ತಾನು ವಹಿ ಬರೆಯಬೇಕು. ಮೊಟ್ಟೆ ತಿನ್ನುವ ಮಕ್ಕಳೆಷ್ಟು, ಬಾಳೆಹಣ್ಣಿನವರೆಷ್ಟು ಎಂದು ಎಣಿಸಬೇಕು. ಕೊಳ್ಳುವುದು, ಬೇಯಿಸುವುದು, ಸುಲಿಯುವುದು ಸೇರಿ ಮೊಟ್ಟೆಗೆ 6 ರೂಪಾಯಿ ಎಂದು ದರ ನಿಗದಿಯಾಗಿದ್ದರೆ, ಪೇಟೆಯ ದರ ಏರಿದ ವಾರ ಆ ಕೊರತೆಯನ್ನು ಎಲ್ಲಿಂದ ತುಂಬುವುದೆಂದು ಯೋಚಿಸುವುದೂ ಹೆಡ್ಮೇಷ್ಟ್ರ ಕೆಲಸ. ಎಸ್‌ಎಟಿಎಸ್‌ನಲ್ಲಿ ಹಾಜರಾತಿ ಏರಿಸಬೇಕು, ಯು-ಡೈಸ್ ಎಂಬ ಶಾಲಾ ಮಾಹಿತಿ ತುಂಬಬೇಕು, ಮಕ್ಕಳ ಅಪಾರ್ ಗುರುತಿನ ಸಂಖ್ಯೆಗೆ ಆಧಾರಿನ ಹೆಸರೂ ದಾಖಲಾತಿಯ ಹೆಸರೂ ಅಕ್ಷರ ಬಿಡದೆ ಹೊಂದಬೇಕು. ಅಷ್ಟರಲ್ಲಿ ಕ್ಲಸ್ಟರಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ನಮೂನೆ ಬೀಳುತ್ತದೆ: ಅತಿ ಜರೂರು, ಮಧ್ಯಾಹ್ನ ಎರಡರೊಳಗೆ, ಮಾಹಿತಿ ಶೂನ್ಯವಿದ್ದರೂ ಕಳುಹಿಸುವುದು. ಹೋದ ತಿಂಗಳು ಕಳುಹಿಸಿದ್ದ ಅದೇ ಮಾಹಿತಿ, ಈ ಸಲ ಬೇರೆ ಕಾಲಮಿನಲ್ಲಿ. ಪಕ್ಕದ ಕೋಣೆಯಲ್ಲಿ ನಲಿ-ಕಲಿಯ ಮೂರು ತರಗತಿಯ ಮಕ್ಕಳು ಒಟ್ಟಿಗೆ ಕೂತು ಕಾಯುತ್ತಿರುತ್ತಾರೆ. ಹಾಜರಿ ಪುಸ್ತಕದಲ್ಲಿ ಶಿಕ್ಷಕರ ಹೆಸರಿನ ಮುಂದೆ ಬೀಳುವ ಓಓಡಿ ಎಂಬ ಗುರುತಿಗೆ ಕನ್ನಡದಲ್ಲಿ 'ಅನ್ಯಕಾರ್ಯ ನಿಮಿತ್ತ' ಎನ್ನುತ್ತಾರೆ. ಇಡೀ ಇಲಾಖೆಯ ಅತ್ಯಂತ ಪ್ರಾಮಾಣಿಕ ಪದ ಅದು. ಅನ್ಯರ ಕಾರ್ಯ ಎಂದು ಒಪ್ಪಿಕೊಂಡೇ ಮಾಡಿಸುತ್ತಿದ್ದೇವೆ.

ಗುರುಪರಂಪರೆಯ ಹೆಸರಲ್ಲಿ ಇದನ್ನು ಸಮರ್ಥಿಸುವವರು ನಮ್ಮ ಪರಂಪರೆಯನ್ನೇ ಸರಿಯಾಗಿ ನೋಡಿಲ್ಲ. ಇಂಗ್ಲಿಷ್ ಶಾಲೆ ಬರುವ ಮುಂಚೆ ನಮ್ಮ ಊರುಗಳಲ್ಲಿ ಅಕ್ಷರ ಕಲಿಸುತ್ತಿದ್ದ ಜಾಗಕ್ಕೆ ಜನ ಇಟ್ಟ ಹೆಸರು ಕೂಲಿಮಠ. ಮಠವೂ ಹೌದು, ಕೂಲಿಯೂ ಹೌದು. ಅಯ್ಯನವರು ಕಲಿಸುತ್ತಿದ್ದರು, ಊರು ಕಾಳುಕಡಿ, ಕಾಸು ಕೊಡುತ್ತಿತ್ತು. ಆ ಪದದಲ್ಲಿ ಯಾರಿಗೂ ಅವಮಾನ ಕಂಡಿರಲಿಲ್ಲ. ಮಾರ್ನೋಮಿ ಬಂದರೆ ಅಯ್ಯನವರು ಮಕ್ಕಳನ್ನು ಕಟ್ಟಿಕೊಂಡು ಚೌಪದ ಹಾಡುತ್ತ ಮನೆಮನೆಗೆ ಹೋಗುತ್ತಿದ್ದರು, ಮನೆಯವರು ದಕ್ಷಿಣೆ ಹಾಕುತ್ತಿದ್ದರು. ಅಲ್ಲಿ ಊರು ಮೇಷ್ಟ್ರ ಋಣ ತೀರಿಸುತ್ತಿತ್ತು. 2025ರ ಮಾರ್ನೋಮಿಯಲ್ಲೂ ಮೇಷ್ಟ್ರು ಮನೆಮನೆಗೆ ಹೋದರು, ಮಕ್ಕಳಿಲ್ಲದೆ, ಹಾಡಿಲ್ಲದೆ, ಕೈಯಲ್ಲಿ ಮೊಬೈಲು ಹಿಡಿದು. ಕರೆಂಟು ಮೀಟರಿನ ಲೆಕ್ಕದಲ್ಲಿ ಅಂಟಿಸಿದ ಚೀಟಿ ಹುಡುಕುತ್ತ ತೋಟದ ಮನೆಗಳ ನಾಯಿಗಳನ್ನು ಸಮಾಧಾನ ಮಾಡುತ್ತ ಅಲೆದರು. ಹಿಂದಿನ ಮೇಷ್ಟ್ರು ರಾತ್ರಿ ಲಾಟೀನು ಹಚ್ಚಿ ಪಾಠ ಹೇಳುತ್ತಿದ್ದರು ಎನ್ನುವ ನೆನಪು ಸುಳ್ಳಲ್ಲ. ಆದರೆ ಅವರು ಹೆಚ್ಚು ಕೊಟ್ಟದ್ದೆಲ್ಲ ಪಾಠಕ್ಕೇ ಹೋಗುತ್ತಿತ್ತು, ಅವರು ತಾವಾಗಿ ಕೊಟ್ಟದ್ದು. ಇಂದು ಹೆಚ್ಚುವರಿ ದುಡಿಮೆಯನ್ನು ಆದೇಶದಲ್ಲಿ ಕಿತ್ತುಕೊಂಡು, ಅದನ್ನು ಪಾಠಕ್ಕಲ್ಲದೆ ಮಿಕ್ಕೆಲ್ಲಕ್ಕೂ ಸುರಿದು, ಹಳೆಯ ಲಾಟೀನಿನ ಹೆಸರು ಹೇಳಿದರೆ ಅದು ಪರಂಪರೆಯಲ್ಲ.

ಮೇರೆ ಬೇಕು ಎಂದರೆ ಬರುವ ಆಕ್ಷೇಪಗಳಲ್ಲಿ ಸಂಬಳ, ರಜೆಯ ಮಾತು ಮೊದಲು ಏಳುತ್ತದೆ. ಕೈತುಂಬ ಸಂಬಳ, ವರ್ಷಕ್ಕೆ ಎರಡು ದೊಡ್ಡ ರಜೆ, ಇವರಿಗೇನು ದಣಿವು? ಆದರೆ ಈ ರಜೆ ದಾನ ಬಂದದ್ದಲ್ಲ. ಸರ್ಕಾರದ ಮಿಕ್ಕ ನೌಕರರಿಗೆ ವರ್ಷಕ್ಕೆ 30 ದಿನ ಗಳಿಕೆ ರಜೆ ಸಿಗುತ್ತದೆ. ಶಿಕ್ಷಕರಿಗೆ ದಸರೆ, ಬೇಸಿಗೆಯ ರಜೆ ಇದೆಯೆಂಬ ಕಾರಣಕ್ಕೇ ಅದನ್ನು ಮೂರರಲ್ಲೊಂದು ಪಾಲಿಗೆ ಇಳಿಸಲಾಗಿದೆ. ಕೊಟ್ಟು ಕೊಂಡ ವ್ಯವಹಾರ ಅದು. ಸಮೀಕ್ಷೆಗೆ ಗೌರವಧನ ಕೊಟ್ಟಿದ್ದಾರಲ್ಲ, ರಜೆಯಲ್ಲಿ ದುಡಿದ ದಿನಕ್ಕೆ ಗಳಿಕೆ ರಜೆ ಜಮಾ ಆಗುತ್ತದಲ್ಲ ಎಂದರೂ ಮಾತು ಮುಗಿಯದು. ಹಣ ಮತ್ತು ಜಮಾ ರಜೆ ಶಿಕ್ಷಕರ ನಷ್ಟವನ್ನು ತುಂಬಬಹುದು. ಅಕ್ಟೋಬರಿನಲ್ಲಿ ಹೋದ ಎಂಟು ದಿನಗಳಿಗೆ ಐದನೇ ತರಗತಿಯ ಹುಡುಗಿಯ ಖಾತೆಗೆ ಜಮಾ ಆದದ್ದೇನು? ಕಳೆದ ಪಾಠವನ್ನು ಸಂಜೆಗೆ ತುರುಕಿದರೆ ಕಲಿಯುವವಳೂ ಅದೇ ಹುಡುಗಿ, ದಣಿದ ಹೊತ್ತಿನಲ್ಲಿ, ದಣಿದ ಮೇಷ್ಟ್ರ ಮುಂದೆ.

ಈ ಸೀಮೆಯಲ್ಲಿ ಇನ್ನೊಂದು ಆಕ್ಷೇಪ ಬರುತ್ತದೆ, ಅದಕ್ಕೆ ತೂಕವಿದೆ. ತೆಂಗು ತಿಂಗಳಿಗೊಂದು ಹೊಂಬಾಳೆ ಬಿಡುತ್ತದೆ, ತೋಟದವನಿಗೆ ಭಾನುವಾರವಿಲ್ಲ. ನಮಗಿಲ್ಲದ ಮೇರೆ ಮೇಷ್ಟ್ರಿಗೇಕೆ? ಆದರೆ ರೈತ ದುಡಿಯುವುದು ತನ್ನ ತೋಟದ ಕೆಲಸಕ್ಕೆ. ಅವನನ್ನು ಅನ್ಯಕಾರ್ಯಕ್ಕೆ ನಿಲ್ಲಿಸಿದರೆ ಅವನೂ ಸುಮ್ಮನಿರುವುದಿಲ್ಲ, ಇರಲೂಬಾರದು. 2024ರ ಆರಂಭದಲ್ಲಿ ನಾಫೆಡ್‌ಗೆ ಉಂಡೆ ಕೊಬ್ಬರಿ ಕೊಡಲು ಹೆಸರು ನೋಂದಾಯಿಸಬೇಕೆಂದು ಈ ಸೀಮೆಯ ಬೆಳೆಗಾರರು ಪಹಣಿ, ಆಧಾರು ಹಿಡಿದು ಸರದಿಯಲ್ಲಿ ನಿಂತರು. ಆಮೇಲೆ ಅಕ್ರಮದ ದೂರಿನಿಂದ ಆ ನೋಂದಣಿ ರದ್ದಾಗಿ ಮತ್ತೆ ಮೊದಲಿಂದ ನಿಂತರು. ಆಗ ಬಂದ ಸಿಟ್ಟು ಸೋಮಾರಿಗಳ ಸಿಟ್ಟಾಗಿರಲಿಲ್ಲ. ನಮ್ಮ ಹೊತ್ತಿಗೆ ಬೆಲೆಯೇ ಇಲ್ಲವೇ ಎಂಬ ದುಡಿಯುವವರ ಪ್ರಶ್ನೆ ಅದು. ಮಾಡಿದ್ದನ್ನೇ ಮತ್ತೆ ತುಂಬಿಸುವ ನಮೂನೆಯ ಮುಂದೆ ಕುಳಿತ ಮೇಷ್ಟ್ರದೂ ಅದೇ ಪ್ರಶ್ನೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಪರೀಕ್ಷೆಯ ಕಾಲದ್ದು. ಜನವರಿಯಿಂದ ಮಾರ್ಚಿನವರೆಗೆ ಬೆಳಗಿನ ವಿಶೇಷ ತರಗತಿ, ಸಂಜೆಯ ಗುಂಪು ಅಧ್ಯಯನ, ಮನೆ ಭೇಟಿ, ನಸುಕಿನ ಐದಕ್ಕೆ ಫೋನು ಮಾಡಿ ಮಕ್ಕಳನ್ನು ಎಬ್ಬಿಸುವುದು, ಇವು ಇಲ್ಲದಿದ್ದರೆ ಮನೆಪಾಠಕ್ಕೆ ದುಡ್ಡಿಲ್ಲದ ಮನೆಯ ಹುಡುಗ ಎಸ್ಸೆಸ್ಸೆಲ್ಸಿ ದಾಟುವುದು ಹೇಗೆ? ಮೇರೆ ಎಂದವನು ಮೊದಲು ಆ ಹುಡುಗನಿಗೆ ಉತ್ತರ ಹೇಳಬೇಕು. ಉತ್ತರ ಇದು. ಮಾರ್ಚಿನ ಈ ಓಟ ಜೂನಿನಿಂದ ಸೋರಿದ ಹೊತ್ತನ್ನು ಹಿಡಿಯುವ ಓಟ. ತೆಂಗಿನ ಬೆಳೆಗಾರನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಂಬಾಳೆ ಒಡೆಯುವ ಎರಡೂವರೆ ಮೂರು ವರ್ಷ ಮೊದಲೇ ಅದರ ಮೊಗ್ಗು ಮರದ ಸುಳಿಯೊಳಗೆ ಹುಟ್ಟಿರುತ್ತದೆ, ಒಡೆದ ಮೇಲೆ ಕಾಯಿ ಬಲಿಯಲು ಇನ್ನೊಂದು ವರ್ಷ. ಅದಕ್ಕೇ ಒಂದು ಬರದ ಪೆಟ್ಟು ಮಳೆ ಬಂದ ಮೇಲೂ ವರ್ಷಗಟ್ಟಲೆ ಗೊನೆಯಲ್ಲಿ ಕಾಣುತ್ತದೆ. ಕಾಯಿ ಉದುರುವ ವರ್ಷ ಬುಡಕ್ಕೆ ಹತ್ತು ಕೊಡ ನೀರು ಹೊಯ್ದು ಹಳೆಯ ಬರವನ್ನು ತೊಳೆಯಲಾಗುವುದಿಲ್ಲ. ಮೂರನೇ ತರಗತಿಯಲ್ಲಿ ಮೇಷ್ಟ್ರು ಅನ್ಯಕಾರ್ಯದಲ್ಲಿದ್ದ ದಿನಗಳ ಪೆಟ್ಟು ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಮೂಡುತ್ತದೆ. ಆಗ ನಾವು ಪ್ರೌಢಶಾಲೆಯ ಶಿಕ್ಷಕರಿಗೆ ನೋಟಿಸು ಕೊಡುತ್ತೇವೆ. ಪರೀಕ್ಷೆಯ ತಿಂಗಳಲ್ಲಿ ಕೆಲಸ ಹೆಚ್ಚಿರಲಿ, ಸುಗ್ಗಿಯಲ್ಲಿ ಯಾರು ಮಲಗುತ್ತಾರೆ? ಆದರೆ ಸುಗ್ಗಿಗೆ ಒಂದು ಮುಗಿಯುವ ದಿನವಿರಬೇಕು. ಮೂರು ಪರೀಕ್ಷೆ, ಎರಡು ಸಮೀಕ್ಷೆ, ನಡುವೆ ಪ್ರತಿಭಾ ಕಾರಂಜಿ, ಕ್ರೀಡಾಕೂಟ, ದಾಖಲಾತಿ ಆಂದೋಲನ ಎಲ್ಲ ಸೇರಿ ವರ್ಷವಿಡೀ ಸುಗ್ಗಿಯಾದರೆ ಅದನ್ನು ಸುಗ್ಗಿ ಎನ್ನುವುದಿಲ್ಲ. 2027ರ ಜನಗಣತಿಯ ಎಣಿಕೆಗೆ ಗೊತ್ತಾಗಿರುವುದು ಫೆಬ್ರುವರಿ ತಿಂಗಳು, ಎಸ್ಸೆಸ್ಸೆಲ್ಸಿಯ ಹೊಸಿಲು. ಅದು 27ನೇ ಕಲಮಿನ ಪಟ್ಟಿಯಲ್ಲೇ ಇರುವ ಕೆಲಸ, ಶಿಕ್ಷಕರು ಮಾಡಲೇಬೇಕು. ಅದನ್ನು ಮಾಡಲಾದರೂ ಮಿಕ್ಕವುಗಳಿಂದ ಅವರನ್ನು ಬಿಡಿಸಬೇಕಲ್ಲ?

ಇನ್ನು ಕಳ್ಳಬೀಳುವವರ ಮಾತು. ತೋಟ ನೋಡಿಕೊಳ್ಳುವ, ಚೀಟಿ ನಡೆಸುವ, ಹನ್ನೊಂದಕ್ಕೆ ಬಂದು ಮೂರಕ್ಕೆ ಬಸ್ಸು ಹತ್ತುವ ಮೇಷ್ಟ್ರು ಇಲ್ಲವೇ ಎಂದು ಯಾರಾದರೂ ಕೇಳಿದರೆ ಇದ್ದಾರೆ ಎಂದೇ ಹೇಳಬೇಕು. ಮೇರೆ ಹಾಕಿದರೆ ಅಂಥವರಿಗೆ ಹಬ್ಬವಲ್ಲವೇ? ತಿರುಗಿಸಿ ನೋಡಿ. ಕೊನೆಮೊದಲಿಲ್ಲದ ಕರ್ತವ್ಯದಷ್ಟು ಒಳ್ಳೆಯ ಮರೆ ಮೈಗಳ್ಳನಿಗೆ ಇನ್ನೊಂದಿಲ್ಲ. ಶಾಲೆಯಲ್ಲಿ ಯಾಕಿರಲಿಲ್ಲ ಎಂದರೆ ಸರ್ವೆಗೆ ಹೋಗಿದ್ದೆ, ಬಿಇಒ ಆಫೀಸಿಗೆ ಹೋಗಿದ್ದೆ, ಮೀಟಿಂಗಿತ್ತು ಎನ್ನುತ್ತಾನೆ. ನಿಜವಾಗಿ ಹೋದವನೂ ಹೋಗದವನೂ ಹಾಜರಿ ಪುಸ್ತಕದಲ್ಲಿ ಒಂದೇ ಥರ ಕಾಣುತ್ತಾರೆ. ಈ 27 ಗಂಟೆ ತರಗತಿಯಲ್ಲಿ, ಈ 18 ಗಂಟೆ ತಯಾರಿಯಲ್ಲಿ, ಬೇರೇನೂ ಇಲ್ಲ ಎಂದು ಗೆರೆ ಎಳೆದ ದಿನ ಗೈರುಹಾಜರಿಗೆ ನೆಪವಿರುವುದಿಲ್ಲ. ಅಳತೆಯಿಲ್ಲದ ಕೆಲಸವನ್ನು ತೂಗಲಾಗುವುದಿಲ್ಲ. ಮೇರೆ ಬೇಡ ಎನ್ನುವವರು ತಿಳಿಯದೆಯೇ ಕಳ್ಳಬೀಳುವವನ ವಕಾಲತ್ತು ವಹಿಸಿದ್ದಾರೆ. ದಂಡ ಬೀಳುವುದು ದಿನವೂ ಬರುವವನಿಗೆ, ಯಾಕೆಂದರೆ ಕೆಲಸ ಒಪ್ಪಿಸಲು ಕೈಗೆ ಸಿಗುವವನು ಅವನೊಬ್ಬನೇ.

ಇತ್ತೀಚೆಗೆ ಶಿಕ್ಷಕರ ಪರವಾಗಿಯೇ ಒಂದು ಮಾತು ಹುಟ್ಟಿದೆ. ನಿಮ್ಮ ಮೇರೆಯನ್ನು ನೀವೇ ಹಾಕಿಕೊಳ್ಳಿ, 'ಇಲ್ಲ' ಎನ್ನಲು ಕಲಿಯಿರಿ, ಸಂಜೆ ಫೋನು ಮುಚ್ಚಿಡಿ, ಧ್ಯಾನ ಮಾಡಿ. ಕೇಳಲು ಹಿತವಾಗಿದೆ, ಆದರೆ ಹೊರೆಯನ್ನು ಮತ್ತೆ ಹೊತ್ತವನ ತಲೆಗೇ ಕಟ್ಟುತ್ತದೆ. ಸಮೀಕ್ಷೆಗೆ ಗೈರಾದವರ ಮೇಲೆ ಅಮಾನತಿನ ಕ್ರಮ ನಡೆದ ರಾಜ್ಯದಲ್ಲಿ ಒಬ್ಬ ಶಿಕ್ಷಕಿ ಒಂಟಿಯಾಗಿ ಹೇಳುವ 'ಇಲ್ಲ' ಎಷ್ಟು ದೂರ ಹೋದೀತು? ಮುಂದಿನ ವರ್ಷ ಮತ್ತೆ ನೇಮಕವಾಗುವುದೋ ಇಲ್ಲವೋ ತಿಳಿಯದ ಅತಿಥಿ ಶಿಕ್ಷಕಿಯ ಬಾಯಲ್ಲಂತೂ ಆ ಪದ ಹುಟ್ಟುವುದೇ ಇಲ್ಲ. ಗುರುಭಕ್ತಿಗೆ ಹೆಸರಾದ ಜಪಾನಿನಲ್ಲಿ 1971ರ ಕಾನೂನು ಸರ್ಕಾರಿ ಶಾಲೆಯ ಶಿಕ್ಷಕರಿಗೆ ಸಂಬಳದ ಮೇಲೆ ನೂರಕ್ಕೆ 4ರಷ್ಟು ಸೇರಿಸಿ, ಅದರ ಬದಲಿಗೆ ಹೆಚ್ಚುವರಿ ದುಡಿಮೆಯ ಭತ್ಯೆಯನ್ನು ಇಲ್ಲವಾಗಿಸಿತು. ಲೆಕ್ಕವಿಲ್ಲದ್ದಕ್ಕೆ ಮಿತಿಯೂ ಇಲ್ಲದಾಯಿತು, ಕಾಲಕ್ರಮದಲ್ಲಿ ಶಿಕ್ಷಕ ಹುದ್ದೆಗೆ ಬರುವವರೇ ಕಡಿಮೆಯಾದರು. 2025ರಲ್ಲಿ ಆ 4ನ್ನು ಹಂತಹಂತವಾಗಿ 10ಕ್ಕೆ ಏರಿಸುವ ತಿದ್ದುಪಡಿ ತಂದರು. ಇಂಗ್ಲೆಂಡಿನಲ್ಲಿ 1987ರಿಂದ ಮುಖ್ಯೋಪಾಧ್ಯಾಯರು ಶಿಕ್ಷಕರಿಂದ ಆದೇಶ ಮಾಡಿ ಪಡೆಯಬಹುದಾದ ದುಡಿಮೆ ವರ್ಷಕ್ಕೆ 1265 ಗಂಟೆ. ಅದರಾಚೆಯ ತಯಾರಿಗೆ ಮಿತಿಯಿಲ್ಲವೆಂಬ ದೂರು ಅಲ್ಲೂ ಇದೆ. ಆದರೂ ಅಲ್ಲೊಂದು ಸಂಖ್ಯೆ ಇದೆ, ಅದನ್ನು ತೋರಿಸಿ ಶಿಕ್ಷಕರು ಮಾತಾಡಬಹುದು. ನಮ್ಮಲ್ಲಿ ಇರುವುದು ಭಾಷಣ ಮಾತ್ರ.

ಬೇಕಾಗಿರುವುದು ದೊಡ್ಡ ಕ್ರಾಂತಿಯಲ್ಲ. 27ನೇ ಕಲಮಿನ ಪಟ್ಟಿಯಾಚೆಯ ಕೆಲಸಕ್ಕೆ ಶಿಕ್ಷಕರನ್ನು ಕರೆಯಬಾರದು. ಎಣಿಕೆಗೆ ಜನ ಬೇಕಾದರೆ ಓದಿ ಕೆಲಸವಿಲ್ಲದೆ ಕೂತ ಯುವಕರು ಪ್ರತಿ ಊರಿನಲ್ಲಿದ್ದಾರೆ, ಶಿಕ್ಷಕರಿಗೆ ಕೊಡುವ ಗೌರವಧನವನ್ನೇ ಅವರಿಗೆ ಕೊಡಿ. ಪಟ್ಟಿಯೊಳಗಿನ ಕೆಲಸಕ್ಕೆ ಕರೆದರೆ ತರಗತಿಗೆ ಮೊದಲು ಬದಲಿ ಶಿಕ್ಷಕರು ಬರಲಿ. ಪ್ರತಿ ಕ್ಲಸ್ಟರಿಗೆ ಒಬ್ಬ ಗುಮಾಸ್ತರು ಬಂದರೆ ನಮೂನೆ, ದಾಸ್ತಾನು, ಮೊಟ್ಟೆಯ ಲೆಕ್ಕ ಅವರ ಮೇಜಿಗೆ ಹೋಗುತ್ತದೆ. ಶಾಲೆ ಬಿಟ್ಟ ಮೇಲೆ ಬಂದ ಸಂದೇಶಕ್ಕೆ ಮರುದಿನ ಉತ್ತರ ಕೊಟ್ಟರೆ ಸಾಕೆಂದು ಇಲಾಖೆಯೇ ಬರೆದುಕೊಡಲಿ. 45 ಗಂಟೆಯ ಮುಂದೆ 'ಕನಿಷ್ಠ' ಇರುವಂತೆ ಒಂದು 'ಗರಿಷ್ಠ'ವೂ ಬರಲಿ. ಇದಕ್ಕೆಲ್ಲ ಬೆಂಗಳೂರಿನ ಆದೇಶ ಬೇಕು. ಆದರೆ ಒಂದು ಕೆಲಸಕ್ಕೆ ಯಾರ ಆದೇಶವೂ ಬೇಡ, ಊರಿನ ಶಾಲಾಭಿವೃದ್ಧಿ ಸಮಿತಿಯೇ ಮಾಡಬಹುದು. ಶಾಲೆಯ ಜಗಲಿಯ ಕರಿಹಲಗೆಯ ಮೇಲೆ ತಿಂಗಳ ಕೊನೆಗೆ ಒಂದು ಅಂಕಿ ಬರೆಯುವುದು: ಈ ತಿಂಗಳು ಅನ್ಯಕಾರ್ಯ ನಿಮಿತ್ತ ನಮ್ಮ ಮಕ್ಕಳು ಕಳೆದುಕೊಂಡ ಪಾಠದ ಗಂಟೆಗಳು ಎಷ್ಟು ಎಂದು. ಇದರಲ್ಲಿ ಮೇಷ್ಟ್ರ ಮೇಲೆ ದೂರಿಲ್ಲ, ಸರ್ಕಾರಕ್ಕೆ ಬೈಗುಳವಿಲ್ಲ, ಲೆಕ್ಕವಷ್ಟೇ ಇದೆ.

ತಿಪಟೂರಿನ ಮಾರುಕಟ್ಟೆಗೆ ಹೆಸರು ತಂದ ಉಂಡೆ ಕೊಬ್ಬರಿ ಆಗುವುದು ಹೇಗೆಂದು ಇಲ್ಲಿ ಎಲ್ಲರಿಗೂ ಗೊತ್ತು. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿ ವರ್ಷದ ಹತ್ತಿರ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಬೇಕು, ಕೊಬ್ಬರಿ ಚಿಪ್ಪಿನಿಂದ ತಾನಾಗಿ ಬಿಡಬೇಕು, ಅಲ್ಲಾಡಿಸಿದರೆ ಒಳಗೆ ಸದ್ದಾಗಬೇಕು. ಸಾಲದ ಒತ್ತಡಕ್ಕೆ ನಾಲ್ಕು ತಿಂಗಳಿಗೇ ಇಳಿಸಿ ಒಡೆದರೆ ಒಳಗಿರುವುದು ಹಸಿಕಾಯಿ, ಅದಕ್ಕೆ ಉಂಡೆಯ ಬೆಲೆ ಬರುವುದಿಲ್ಲ. ಅಟ್ಟದ ಮೇಲಿನ ಕಾಯಿ ಸುಮ್ಮನೆ ಬಿದ್ದಿದೆ ಎಂದು ಹೊನ್ನವಳ್ಳಿಯಲ್ಲಿ ಯಾರೂ ಆಡಿಕೊಳ್ಳುವುದಿಲ್ಲ. ಮೇಷ್ಟ್ರ ವಾರದ 18 ಗಂಟೆಯನ್ನೂ ಅದೇ ಅಟ್ಟದಲ್ಲಿಟ್ಟು ನೋಡಿದರೆ ಸಾಕು. ಮುಂದಿನ ಸಮಿತಿ ಸಭೆಯಲ್ಲಿ ಮೊಟ್ಟೆಯ ಲೆಕ್ಕ, ಹಾಲಿನ ಲೆಕ್ಕ ಓದಿ ಮುಗಿದ ಮೇಲೆ ಯಾರಾದರೊಬ್ಬ ತಾಯಿ ಎದ್ದು ಆ ಕರಿಹಲಗೆಯ ಅಂಕಿ ಎಲ್ಲಿ ಎಂದು ಕೇಳಲಿ.